ಕಾಡಿನಲ್ಲಿ ಒಂದು ಬೀಡು

ದಾವಣಗೆರೆಯ ಹೆಸರಿನ ವಿಚಾರವಾಗಿ ನಮ್ಮ ಊರಿನ ಹಿರಿಯರು ಹೇಳುವ ಕಥೆಯೊಂದುಂಟು. ಹಿಂದೆ ಚಾಲುಕ್ಯರ ಸೈನ್ಯವೊಂದು ಈ ಮಾರ್ಗವಾಗಿ ಬರುತ್ತಿದ್ದಾಗ ಇಲ್ಲಿಯ ಕೆರೆಯ ದಂಡೆಯ ಮೇಲೆ ತಂಗಿತಂತೆ. ಕುದುರೆಗಳನ್ನು ಸಾಲಾಗಿ ದಾವಣಿಗೆ ಕಟ್ಟಿ ನೀರು ಕುಡಿಸಿದ ಕೆರೆಯಾದುದರಿಂದ ‘ದಾವಣಿಗೆರೆ’ ಎಂಬ ಹೆಸರು ಬಂದಿತಂತೆ. ದಣಿದವರ ದಣಿವನ್ನು ಆರಿಸಿದ ಕೆರೆ, ಆದುದರಿಂದ ‘ದಣಿವಿನ ಕೆರೆ’ ಎನ್ನುವವರೂ ಇದ್ದಾರೆ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವರೋ ಇಲ್ಲವೋ, ಆ ವಾದಕ್ಕೆ ನಾನು ಈಗ ಹೋಗುವುದಿಲ್ಲ. ಕಥೆಯ ಭಾವ ಮಾತ್ರ ನನಗೆ ಬಹಳ ಹಿಡಿಸಿದೆ. ಹತ್ತಿ, ಎಣ್ಣೆ, ದಲ್ಲಾಳಿ ಮಂಡಿಗಳಿಗೆ ಹೆಸರಾದ ಈ ಪಟ್ಟಣ ಮೊದಲಿಗೆ ದಾರಿಹೋಕರ ಒಂದು ಬೀಡಾಗಿತ್ತು ಎಂಬುದು ಆ ಭಾವ. ನೆರೆಯ ಹರಿಹರದ ಮಾತೂ ಇಂಥದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಆ ಊರು ಪ್ರಖ್ಯಾತವಾಯಿತು. ಆದರೆ ಕಳೆದ ಶತಮಾನಕ್ಕೆ ಹಿಂದಿನ ಶತಮಾನದಲ್ಲಿ, 1865ರವರೆಗೆ, ಅದರ ಬಳಿಯಲ್ಲಿಯೂ ಸಿಪಾಯಿಗಳ ದಂಡು ಬೀಡುಬಿಟ್ಟಿತ್ತು.

‘ಬೀಡು’ ಎಂಬ ಈ ಮಾತು ‘ಬಿಡು’ ಎಂಬ ಧಾತುವಿನಿಂದ ಹುಟ್ಟಿದುದು. ಬಿಡಾರ, ಬಿಡದಿ ಎಂಬ ಮಾತುಗಳೂ ಅದೇ ಬಳಗದವು. ಹೊತ್ತ ಹೊರೆಯನ್ನು ಇಳಿಬಿಟ್ಟ ಸ್ಥಳ, ಕುದುರೆಯ ಜೀನನ್ನು ಬಿಚ್ಚಿಬಿಟ್ಟ ಸ್ಥಳ, ಅದೇ ಬೀಡು. ನಮ್ಮ ಶಾಸನಗಳು ರಾಜಧಾನಿಯನ್ನು ಸಹ ‘ನೆಲೆವೀಡು’ ಎಂದೇ ಕರೆಯುತ್ತವೆ. ಅಂದರೆ ಅರಸನ ಅರಮನೆಯೂ ಕೊಂಚ ಹೆಚ್ಚು ಕಾಲ ನಿಂತ ಒಂದು ಬಿಡಾರವೇ ಸರಿ. ಬೀಡುಬಿಡುವವನು ಏನನ್ನಾದರೂ ಬಿಡಬೇಕು. ಈ ಅರ್ಥವನ್ನು ನಾನು ಪುಸ್ತಕದಲ್ಲಿ ಬಹಳ ಹಿಂದೆಯೇ ಓದಿದ್ದೆ. ಅದರ ಪೂರ್ಣ ತಾತ್ಪರ್ಯ ತಿಳಿದದ್ದು ಮಾತ್ರ ಒಂದು ಡಿಸೆಂಬರಿನ ಕೊನೆಯ ವಾರ, ಬಾಬಾಬುಡನ್ ಬೆಟ್ಟಗಳ ಮಡಿಲಿನ ಮುತ್ತೋಡಿಯಲ್ಲಿ. ಆ ಅನುಭವವನ್ನು ತಮ್ಮ ಮುಂದಿಡುವುದೇ ಈ ಹೊತ್ತಿನ ನನ್ನ ಭಾಷಣದ ಉದ್ದೇಶ.

ವಿನೋದಕ್ಕಾಗಿ ಕಾಡಿನಲ್ಲಿ ಬಿಡಾರ ಹೂಡುವುದು ಈಚಿನ ಪದ್ಧತಿ. ನಮ್ಮ ಪುರಾಣಗಳಲ್ಲಿ ಕಾಡಿಗೆ ಹೋದವರು ಯಾರೂ ಸಂತೋಷಕ್ಕಾಗಿ ಹೋದವರಲ್ಲ. ರಾಮನು ತಂದೆಯ ಮಾತಿಗಾಗಿ ಹೋದನು, ಪಾಂಡವರು ಜೂಜಿನಲ್ಲಿ ಸೋತು ಹೋದರು. ಕಾಡೆಂದರೆ ಋಷಿಗೆ ತಪಸ್ಸು, ಅರಸನಿಗೆ ಬೇಟೆ, ಸೋತವನಿಗೆ ವಾಸ. ಪಶ್ಚಿಮ ದೇಶಗಳಲ್ಲಿಯೂ ಡೇರೆ ಗುಡಾರಗಳು ಬಹುಕಾಲ ಯುದ್ಧದ ಸಾಮಗ್ರಿಯಾಗಿಯೇ ಇದ್ದವು. ಸೇನಾನಿಯಾಗಿದ್ದ ಬೇಡನ್ ಪೊವೆಲ್ಲನು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತು ಮಂದಿ ಬಾಲಕರನ್ನು ಕರೆದುಕೊಂಡು ಹೋಗಿ ಕೆಲವು ದಿನ ಡೇರೆಗಳಲ್ಲಿ ಇರಿಸಿದನು. ಸ್ಕೌಟ್ ಚಳುವಳಿಗೆ ಅದೇ ಮೊದಲು. ದಂಡಿನ ಪಾಳೆಯವು ಹುಡುಗರ ಶಿಬಿರವಾದದ್ದು ನಾಗರಿಕತೆಯ ಒಂದು ಒಳ್ಳೆಯ ಹೆಜ್ಜೆಯೆಂದೇ ನಾನು ಭಾವಿಸುತ್ತೇನೆ. ಆದರೆ ದಂಡಿನವರ ಒಂದು ದುರಭ್ಯಾಸ ಶಿಬಿರದವರಿಗೂ ಅಂಟಿಕೊಂಡು ಬಂದಿದೆ: ಇಳಿದ ಜಾಗವನ್ನು ಗೆದ್ದ ಜಾಗವೆಂದು ತಿಳಿಯುವುದು.

ನಾವು ಒಟ್ಟು ಹದಿಮೂರು ಮಂದಿ ಹೊರಟೆವು. ನಾನು, ನನ್ನ ಸಹೋದ್ಯೋಗಿಗಳೊಬ್ಬರು, ಹನ್ನೊಂದು ಮಂದಿ ವಿದ್ಯಾರ್ಥಿಗಳು. ದಾವಣಗೆರೆಯಿಂದ ರೈಲಿನಲ್ಲಿ ಚಿಕ್ಕಜಾಜೂರು, ಅಜ್ಜಂಪುರ, ಬೀರೂರುಗಳನ್ನು ದಾಟಿ ಕಡೂರಿನಲ್ಲಿ ಇಳಿದು, ಅಲ್ಲಿಂದ ಚಿಕ್ಕಮಗಳೂರಿಗೆ ಹೋಗಿ, ಮಲ್ಲಂದೂರಿನ ಮಾರ್ಗವಾಗಿ ಕಾಫಿ ತೋಟಗಳ ನಡುವೆ ಒಂದು ಗಂಟೆಗೂ ಮೀರಿ ಪ್ರಯಾಣ ಮಾಡಿದೆವು. ನಮ್ಮ ಕಡೆಯ ಕಪ್ಪು ಬಯಲನ್ನು, ಹತ್ತಿ ಮೆಕ್ಕೆಜೋಳಗಳ ಹೊಲಗಳನ್ನು ಬೆಳಿಗ್ಗೆ ಕಂಡ ಕಣ್ಣಿಗೆ ಮಧ್ಯಾಹ್ನದ ಆ ಹಸುರು ಒಂದು ಬೇರೆಯೇ ದೇಶದಂತೆ ತೋರಿತು. ಕುದುರೆಯ ಲಾಳದ ಆಕಾರದಲ್ಲಿ ಬಳಸಿ ನಿಂತಿರುವ ಬಾಬಾಬುಡನ್ ಶ್ರೇಣಿಯ ಒಳಗಿನ ತಗ್ಗೇ ಜಾಗರ ಕಣಿವೆ. ಅಲ್ಲಿ, ಸೋಮವಾಹಿನಿ ಎಂಬ ಹೊಳೆಯ ದಡದಲ್ಲಿ, ಅರಣ್ಯ ಇಲಾಖೆಯ ಶಿಬಿರವಿದೆ. ಕೆಲವು ಕುಟೀರಗಳು, ಗುಂಪಾಗಿ ಬಂದವರಿಗೆ ಒಂದು ದೊಡ್ಡ ಕೊಠಡಿ, ಅಡುಗೆಯ ಮನೆ, ಇಷ್ಟೇ. ಸುತ್ತ ನಾಲ್ಕು ಕಡೆಗೂ ಕಾಡು.

ಈ ಕಾಡಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1951ರಲ್ಲಿ ಮೈಸೂರು ಸರ್ಕಾರ ಜಾಗರ ಕಣಿವೆಯನ್ನು ವನ್ಯಮೃಗಧಾಮವೆಂದು ಸಾರಿತು. 1974ರಲ್ಲಿ ಲಕ್ಕವಳ್ಳಿಯ ಕಡೆಯ ಕಾಡುಗಳನ್ನೂ ಇದಕ್ಕೆ ಸೇರಿಸಿ ‘ಭದ್ರಾ’ ಎಂದು ಹೆಸರಿಟ್ಟರು. 1998ರಲ್ಲಿ ಇದು ಹುಲಿ ಯೋಜನೆಗೆ ಸೇರಿತು. ತೇಗ, ಹೊನ್ನೆ, ಮತ್ತಿ, ನಂದಿ, ಬೀಟೆ ಮರಗಳು, ಅವುಗಳ ಮಧ್ಯೆ ಬಿದಿರು ಮೆಳೆಗಳು, ಇದು ಈ ಕಾಡಿನ ಸಂಪತ್ತು. ‘ಜಾಗರದ ದೈತ್ಯ’ ಎಂದು ಹೆಸರಾದ ತೇಗದ ಮರವೊಂದು ಇಲ್ಲಿದೆ. ಅದಕ್ಕೆ ಮುನ್ನೂರು ವರ್ಷಕ್ಕೂ ಮೇಲಾಗಿದೆಯೆಂದು ಹೇಳುತ್ತಾರೆ. ಒಬ್ಬ ಹುಡುಗನು ಎರಡು ಕೈ ಚಾಚಿದರೂ ಅದನ್ನು ತಬ್ಬಲಾಗದು.

ನಾವು ತಲುಪಿದ ಕೂಡಲೇ ಮೊದಲು ಬಿಡಬೇಕಾಗಿ ಬಂದದ್ದು ಫೋನನ್ನು. ಕಿಸೆಯೊಳಗಿನ ಆ ಯಂತ್ರಗಳೆಲ್ಲ ಅಲ್ಲಿ ಮೂಕವಾದವು. ಹುಡುಗರು ಅವನ್ನು ಎತ್ತರಕ್ಕೆ ಹಿಡಿದುಕೊಂಡು ಅಂಗಳದಲ್ಲಿ ಅತ್ತಿತ್ತ ನಡೆದರು. ಒಂದು ಗಂಟೆ ಕಳೆದ ಮೇಲೆ ಆಸೆಯನ್ನು ಬಿಟ್ಟರು. ಎರಡನೆಯದಾಗಿ ಬಿಡಬೇಕಾದುದು ಬೆಂಕಿಯನ್ನು. ಚಳಿ ಹಲ್ಲು ಕಡಿಸುವಷ್ಟಿತ್ತು. ಶಿಬಿರವೆಂದರೆ ನಡುವೆ ಬೆಂಕಿ, ಸುತ್ತ ಹಾಡು ಎಂದು ಹುಡುಗರು ಮೊದಲೇ ನಿಶ್ಚಯಿಸಿಕೊಂಡು ಬಂದಿದ್ದರು. ಅಲ್ಲಿಯ ಕಾವಲುಗಾರನು ವಯಸ್ಸಾದವನು, ಮಿತಭಾಷಿ. ಅವನನ್ನು ಕೇಳಿದಾಗ ತಲೆಯಾಡಿಸಿಬಿಟ್ಟನು.

“ಬೇಡಿ ಸ್ವಾಮಿ. ಇನ್ನು ಹದಿನೈದು ದಿನ ಹೋದರೆ ನಾವೆಲ್ಲ ಬೆಂಕಿ ರೇಖೆ ಸವರೋದಕ್ಕೆ ಹೋಗಬೇಕು. ಬೇಸಗೆ ಪೂರಾ ಬೆಂಕಿ ಕಾಯೋದೇ ನಮ್ಮ ಕೆಲಸ. ಅಂಥಾದ್ದರಲ್ಲಿ ನಾನೇ ಕಡ್ಡಿ ಗೀರಿ ಕೊಡಲಾ?”

ಹುಡುಗರಿಗೆ ನಿರಾಶೆಯಾಯಿತು. ಬೆಂಕಿ ರೇಖೆ ಎಂದರೇನೆಂದು ಅವರಿಗೆ ತಿಳಿಯದು. ನನಗೂ ಚೆನ್ನಾಗಿ ತಿಳಿದಿರಲಿಲ್ಲ. ಒಣಗಿದ ಎಲೆ ಹುಲ್ಲುಗಳನ್ನು ಉದ್ದಕ್ಕೂ ಪಟ್ಟಿಯಂತೆ ಸವರಿ ತೆಗೆದು, ಒಂದು ಕಡೆ ಹತ್ತಿದ ಬೆಂಕಿ ಇನ್ನೊಂದು ಕಡೆಗೆ ದಾಟದಂತೆ ಮಾಡುವ ಏರ್ಪಾಡು ಅದು. ತೇಗದ ಅಗಲವಾದ ಎಲೆ ಉದುರಿ ಒಣಗಿದಾಗ, ಬಿದಿರು ಹೂಬಿಟ್ಟು ಸತ್ತು ನಿಂತಾಗ, ಒಂದು ಬೀಡಿಯ ತುಂಡಿನಿಂದ ಬೆಟ್ಟವೇ ಉರಿದುಹೋಗಬಹುದು. ಕಾವಲುಗಾರನು ಇದನ್ನೆಲ್ಲ ತನ್ನ ಮುಂಗೈಯ ಒಂದು ಸುಟ್ಟ ಗಾಯದ ಕಲೆಯನ್ನು ಸವರುತ್ತ ಹೇಳಿದನು. ಆಮೇಲೆ ಯಾರೂ ಬೆಂಕಿಯ ಮಾತೆತ್ತಲಿಲ್ಲ. ಕಂಬಳಿ ಹೊದ್ದು ಕತ್ತಲೆಯಲ್ಲಿ ಕುಳಿತೆವು.

ಪಟ್ಟಣವಾಸಿಗಳಾದ ನಾವು ಕತ್ತಲೆಯನ್ನು ಮರೆತೇ ಬಿಟ್ಟಿದ್ದೇವೆ. ವಿದ್ಯುತ್ತು ಹೋದಾಗ ಬರುವುದು ಕತ್ತಲೆಯಲ್ಲ. ಅದು ಬೆಳಕು ಬರುವವರೆಗಿನ ಅಸಹನೆ ಅಷ್ಟೆ. ಮುತ್ತೋಡಿಯ ಕತ್ತಲೆ ಮೊದಲು ಹೆದರಿಸಿತು. ಅರ್ಧ ಗಂಟೆಯಾದ ಮೇಲೆ ಅದರಲ್ಲಿ ದಾರಿ ಕಾಣಿಸತೊಡಗಿತು. ನತ್ತಿಂಗವೊಂದು ಒಂದೇ ಸಮನೆ ಕೂಗುತ್ತಿತ್ತು. ದೂರದಲ್ಲಿ ಕಡವೆಯೊಂದು ಬೆಚ್ಚಿ ಒಂದೇ ಒಂದು ಸಲ ಗಟ್ಟಿಯಾಗಿ ಕೂಗಿತು. ಎಲ್ಲಕ್ಕೂ ಕೆಳಗೆ, ನಿಲ್ಲದ ಶ್ರುತಿಯಂತೆ, ಸೋಮವಾಹಿನಿಯ ಸದ್ದು.

ಆ ಸದ್ದನ್ನು ಕೇಳುತ್ತ ಕುಳಿತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ, “ಸಾರ್, ಮಳೆ ನಿಂತು ಎರಡು ತಿಂಗಳಾಯಿತಲ್ಲ, ಈ ನೀರು ಎಲ್ಲಿಂದ ಬರುತ್ತಿದೆ?” ಎಂದು ಕೇಳಿದನು. ಅವನು ಹರಿಹರ ತಾಲ್ಲೂಕಿನ ರೈತರ ಮನೆಯ ಹುಡುಗ. ಅವರ ಗದ್ದೆ ಭದ್ರಾ ಕಾಲುವೆಯ ಕೊನೆಯ ಭಾಗದಲ್ಲಿದೆ. ಕಾಲುವೆಗೆ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಬಂದ ಮೇಲೆ ಎಷ್ಟೋ ದಿನಕ್ಕೆ, ಮೇಲಿನವರೆಲ್ಲ ತೆಗೆದುಕೊಂಡು ಉಳಿದರೆ, ಅವರ ಗದ್ದೆಗೆ ನೀರು. ಅವನ ಮನೆಯಲ್ಲಿ ದಿನದ ಮೊದಲ ಮಾತು ‘ಡ್ಯಾಮು ಎಷ್ಟು ಅಡಿ ಇದೆ?’ ಎಂಬುದು. ಲಕ್ಕವಳ್ಳಿಯ ಅಣೆಕಟ್ಟಿನ ಪೂರ್ಣ ಮಟ್ಟ 186 ಅಡಿ ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಆ ಅಣೆಕಟ್ಟಿನ ಹಿಂದೆ ಏನಿದೆ ಎಂಬುದು ದೊಡ್ಡವರಲ್ಲಿಯೂ ಎಷ್ಟು ಮಂದಿಗೆ ಗೊತ್ತು?

ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರವಿದು. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ 60ರಿಂದ 65 ಸೆಂಟಿಮೀಟರು. ಈ ಕಾಡಿನಲ್ಲಿ ಜಾಗವನ್ನು ಅನುಸರಿಸಿ ಅದರ ಎರಡರಿಂದ ನಾಲ್ಕು ಪಟ್ಟು ಮಳೆಯಾಗುತ್ತದೆ. ಬರಿಯ ಬೆಟ್ಟವಾಗಿದ್ದರೆ ಅದಿಷ್ಟೂ ಮಣ್ಣನ್ನು ಕೊಚ್ಚಿಕೊಂಡು ನಾಲ್ಕು ತಿಂಗಳಲ್ಲಿ ಹರಿದುಹೋಗುತ್ತಿತ್ತು. ಮರದ ತಲೆಯ ಮೇಲೆ ಬಿದ್ದ ಹನಿ ಕೊಂಬೆಯಿಂದ ಇಳಿದು, ತರಗೆಲೆಯ ಹಾಸಿನಲ್ಲಿ ಇಂಗಿ, ಬೇರಿನ ಜಾಡು ಹಿಡಿದು ನೆಲದೊಳಗೆ ಸೇರುತ್ತದೆ. ಅಲ್ಲಿಂದ ಒರತೆಯಾಗಿ, ತಿಂಗಳುಗಟ್ಟಲೆ, ಲೆಕ್ಕ ಹಿಡಿದು ಖರ್ಚು ಮಾಡುವ ಗೃಹಿಣಿಯ ಕೈಯ ಹಣದಂತೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಬರುತ್ತದೆ. ಭದ್ರೆ ಹುಟ್ಟುವುದು ಇಲ್ಲಲ್ಲ. ಇನ್ನೂ ಪಶ್ಚಿಮಕ್ಕೆ, ಕುದುರೆಮುಖದ ಶ್ರೇಣಿಯ ಗಂಗಾಮೂಲದಲ್ಲಿ. ಆದರೆ ದಾರಿಯಲ್ಲಿ ಅವಳನ್ನು ತುಂಬುವ ತೊರೆಗಳಲ್ಲಿ ಸೋಮವಾಹಿನಿಯೂ ಒಂದು. ಇದು ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಕಾಲುವೆಯಲ್ಲಿ ಹರಿದ ನೀರು ನಮ್ಮ ಬತ್ತದ ಗದ್ದೆಗಳಿಗೂ, ದಾವಣಗೆರೆಗೆ ಕುಡಿಯುವ ನೀರು ಕೊಡುವ ಕುಂದವಾಡದ ಕೆರೆಗೂ ಬರುತ್ತದೆ. ನದಿಯಾಗಿ ಮುಂದೆ ಹೋದುದು ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ ಹರಿಹರದ ಘಟ್ಟಕ್ಕೆ ಮುಟ್ಟುತ್ತದೆ. “ನೀನು ಈಗ ಕೇಳುತ್ತಿರುವುದು ನಿಮ್ಮ ಗದ್ದೆಯ ನೀರಿನ ಸದ್ದು” ಎಂದೆ. ಅವನು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೊಳೆಯ ಕಡೆಯ ಕಟ್ಟೆಯ ಮೇಲೆ ಹೋಗಿ ಕುಳಿತನು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಭಾಷಣ ಒಂದು ಸಂತೋಷದ ಪ್ರವಾಸಕಥನವಾಗುತ್ತಿತ್ತು. ಆದರೆ ನಮ್ಮ ಗುಂಪಿನಲ್ಲಿ ಇನ್ನೊಬ್ಬ ಹುಡುಗನಿದ್ದನು. ಅವನು ತರೀಕೆರೆ ಸೀಮೆಯ ಎಂ. ಸಿ. ಹಳ್ಳಿಯವನು. ಪ್ರವಾಸಕ್ಕೆ ಹೆಸರು ಕೊಟ್ಟವರಲ್ಲಿ ಅವನೇ ಮೊದಲಿಗ. ಕಾರಣವೇನೆಂದು ಆ ರಾತ್ರಿಯವರೆಗೆ ನಮಗಾರಿಗೂ ತಿಳಿದಿರಲಿಲ್ಲ. ನೀರಿನ ಮಾತು ಮುಗಿದ ಮೇಲೆ ಮೆಲ್ಲಗೆ ಹೇಳಿದನು: “ಸಾರ್, ನಮ್ಮ ಅಜ್ಜಿ ಮನೆ ಈ ಕಾಡಿನಲ್ಲೇ ಇತ್ತು.”

ಕೇಳುಗರಲ್ಲಿ ಕೆಲವರಿಗೆ ನೆನಪಿರಬಹುದು. ಈ ಕಾಡಿನೊಳಗೆ ಹತ್ತಕ್ಕೂ ಮೇಲ್ಪಟ್ಟ ಹಳ್ಳಿಗಳಿದ್ದವು. 2001 ಮತ್ತು 2002ರಲ್ಲಿ ಅಲ್ಲಿಯ ನಾನೂರಕ್ಕೂ ಹೆಚ್ಚು ಕುಟುಂಬಗಳು ಊರುಗಳನ್ನು ಬಿಟ್ಟು ಎಂ. ಸಿ. ಹಳ್ಳಿಗೂ ಕೆಳಗೂರಿಗೂ ಹೋಗಿ ನೆಲಸಿದವು. ಸರ್ಕಾರ ಜಮೀನು, ಮನೆಯ ಸ್ಥಳಗಳನ್ನು ಒದಗಿಸಿತು. ಬಲಾತ್ಕಾರವಿಲ್ಲದೆ ಜನರನ್ನು ಒಪ್ಪಿಸಿ ಮಾಡಿದ ಸ್ಥಳಾಂತರವೆಂದು ವಿದ್ವಾಂಸರು ಇದನ್ನು ಉದಾಹರಿಸುತ್ತಾರೆ. ಅದು ಬಹುಮಟ್ಟಿಗೆ ನಿಜ. ಕಾಡಿನ ನಡುವಣ ಬಾಳು ಸುಖದ ಬಾಳಾಗಿರಲಿಲ್ಲ. ಬೆಳೆದ ಬತ್ತ ಆನೆಗೂ ಹಂದಿಗೂ ಹೋಗುತ್ತಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಸ್ಪತ್ರೆಯಿಲ್ಲ, ಶಾಲೆಯಿಲ್ಲ. ಮಕ್ಕಳ ಭವಿಷ್ಯವನ್ನು ನೆನೆದು ಎಷ್ಟೋ ಮಂದಿ ತಾವಾಗಿಯೇ ಹೊರಡಲು ಒಪ್ಪಿದರು. ನಮ್ಮ ಈ ವಿದ್ಯಾರ್ಥಿ ಕಾಲೇಜು ಕಂಡದ್ದೂ ಆ ಒಪ್ಪಿಗೆಯ ಫಲವೇ. ಇದನ್ನು ಅವನೇ ಹೇಳಿದನು. ಆದರೆ ಅವನ ಅಜ್ಜಿ, ಹೊಸ ಊರಿಗೆ ಬಂದು ಇಷ್ಟು ವರ್ಷಗಳಾದರೂ, ‘ಊರಿಗೆ’ ಎಂದರೆ ಈ ಕಾಡನ್ನೇ ತೋರಿಸುತ್ತಾಳಂತೆ. ಹೊರಡುವಾಗ ಮೊಮ್ಮಗನಿಗೆ ಅವಳು ಒಂದೇ ಒಂದು ಕೆಲಸ ಹೇಳಿದ್ದಳು: “ಮನೆ ಹಿಂದುಗಡೆ ನಾನು ನೆಟ್ಟ ಹಲಸಿನ ಮರ ಇದೆಯೇ ನೋಡಿಕೊಂಡು ಬಾ.”

ಮಾರನೆಯ ದಿನ ಬೆಳಗಾಗುವ ಮೊದಲೇ ಇಲಾಖೆಯ ವಾಹನದಲ್ಲಿ ಕಾಡಿನೊಳಗೆ ಹೊರಟೆವು. ಮಂಜು ಕಣಿವೆಯನ್ನು ತುಂಬಿತ್ತು. ಕೆಂದಳಿಲೊಂದು ನಮ್ಮ ತಲೆಯ ಮೇಲೆ ಕೊಂಬೆಯಿಂದ ಕೊಂಬೆಗೆ ಹಾರಿತು. ಒಂದು ತಿರುವಿನಲ್ಲಿ ಮರಗಳು ಹಿಂದೆ ಸರಿದು ಬಯಲೊಂದು ತೆರೆಯಿತು. ಹಳೆಯ ಗದ್ದೆಗಳ ಬದುಗಳು ಹುಲ್ಲಿನ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇನ್ನೂ ಕಾಣುತ್ತಿದ್ದವು. ಉತ್ತು ಬಿತ್ತುತ್ತಿದ್ದ ಆ ನೆಲದಲ್ಲಿ ಹತ್ತು ಹನ್ನೆರಡು ಕಾಟಿಗಳು, ಬಿಳಿಯ ಕಾಲುಚೀಲ ತೊಟ್ಟಂತೆ, ನಿಶ್ಚಿಂತೆಯಿಂದ ಮೇಯುತ್ತಿದ್ದವು. ಹುಡುಗರೆಲ್ಲ ಕಾಟಿಯನ್ನು ನೋಡುತ್ತಿದ್ದರೆ ಅವನೊಬ್ಬನು ಮಾತ್ರ ಬಯಲಿನ ಆಚೆಯ ಅಂಚನ್ನು ಹುಡುಕುತ್ತಿದ್ದನು. ವಾಹನದಿಂದ ಇಳಿಯಲು ಅಪ್ಪಣೆಯಿಲ್ಲ. ಚಾಲಕನು ಕೇಳದೆಯೇ ಇಂಜಿನ್ನು ನಿಲ್ಲಿಸಿದನು. ಹುಡುಗನು ತಂದೆಯಿಂದ ಕೇಳಿದ ಗುರುತುಗಳನ್ನು ಒಂದೊಂದಾಗಿ ಎಣಿಸಿದನು: ಎರಡು ಮಾವಿನ ಮರ, ಅವುಗಳ ಎಡಕ್ಕೆ ಒಂದು ಕಲ್ಲಿನ ದಿಬ್ಬ, ಅದರ ಹಿಂದೆ... ಹಲಸಿನ ಮರ ಅಲ್ಲಿಯೇ ಇತ್ತು. ಒಂದು ಪಕ್ಕದ ತೊಗಟೆಯನ್ನು ಆನೆ ಉಜ್ಜಿ ಸವೆಸಿತ್ತು. ಮನೆಯ ಗುರುತು ಮಾತ್ರ ಒಂದಿಷ್ಟೂ ಇರಲಿಲ್ಲ.

ಆ ಕ್ಷಣದಲ್ಲಿ ನನಗೆ ‘ಬೀಡು’ ಎಂಬ ಮಾತು ನೆನಪಾಯಿತು. ಒಂದು ರಾತ್ರಿಯ ಮಟ್ಟಿಗೆ ಫೋನನ್ನೂ ಬೆಂಕಿಯನ್ನೂ ಬಿಟ್ಟು ದೊಡ್ಡ ತ್ಯಾಗ ಮಾಡಿದೆವೆಂದು ನಾವು ತಿಳಿದಿದ್ದೆವು. ನಮ್ಮ ಏಕಾಂತಕ್ಕೆ, ಈ ಮೌನಕ್ಕೆ, ಈ ಕಾಟಿಗಳ ದರ್ಶನಕ್ಕೆ ಬೆಲೆ ತೆತ್ತವರು ಬೇರೆಯವರು. ಅವರು ಮನೆಯನ್ನು ಬಿಟ್ಟರು, ಉತ್ತ ಗದ್ದೆಯನ್ನು ಬಿಟ್ಟರು, ನೆಟ್ಟ ಮರವನ್ನು ಬಿಟ್ಟರು. ನಿರ್ಜನವಾದ ಕಾಡೆಂದು ನಾವು ಹಾಡಿಹೊಗಳುವ ಸ್ಥಳ ಎಷ್ಟೋ ಸಲ ಜನರು ಎದ್ದುಹೋದ ಅಂಗಳ. ಅವರು ಬಿಟ್ಟದ್ದರಿಂದ ಹುಲ್ಲು ಬೆಳೆಯಿತು, ಕಾಡು ದಟ್ಟವಾಯಿತು. ಆ ಕಾಡಿನ ನೀರಿನಲ್ಲಿ ನಾವು ನೂರು ಕಿಲೋಮೀಟರು ಆಚೆ ಅನ್ನ ಉಣ್ಣುತ್ತಿದ್ದೇವೆ. ಹೀಗಿರುವಾಗ ದಾವಣಗೆರೆ ಹರಿಹರಗಳಿಂದ ಅಲ್ಲಿಗೆ ಹೋಗುವವನು ಹಣ ಕೊಟ್ಟು ಹೋದ ಅತಿಥಿಯೆಂದು ತನ್ನನ್ನು ಭಾವಿಸಬಾರದು. ಅವನು ಸಾಲಗಾರ.

ಸಾಲಗಾರನ ನಡತೆ ಹೇಗಿರಬೇಕೆಂಬುದನ್ನು ನಾನು ಹೆಚ್ಚಾಗಿ ಹೇಳಬೇಕಾಗಿಲ್ಲ. ಸಾಲ ಕೊಟ್ಟವನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹಾಡು ಹಾಕಿ ಕುಣಿಯುವುದಿಲ್ಲ. ಅಂಗಳದಲ್ಲಿ ಸೀಸೆ, ಪ್ಲಾಸ್ಟಿಕ್ಕುಗಳನ್ನು ಎಸೆದು ಬರುವುದಿಲ್ಲ. ರಜೆಯ ದಿನಗಳಲ್ಲಿ ಮುಳ್ಳಯ್ಯನಗಿರಿಯ ಕಡೆಗೆ ಸಾಲುಗಟ್ಟುವ ಕಾರುಗಳನ್ನು ಕಂಡವರಿಗೆ ನನ್ನ ಮಾತಿನ ಅರ್ಥ ಆಗುತ್ತದೆ. ಬೆಟ್ಟಕ್ಕೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಹೋಗಬೇಕು, ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಕಾಣದ ಕಾಡನ್ನು ಯಾರೂ ಕಾಯರು. ಆದರೆ ಸಣ್ಣ ಗುಂಪಾಗಿ, ಅಪ್ಪಣೆ ಪಡೆದು, ಕಾವಲುಗಾರನು ಬೇಡವೆಂದದ್ದನ್ನು ಬಿಟ್ಟು, ಒಯ್ದದ್ದನ್ನೆಲ್ಲ ಹಿಂದಕ್ಕೆ ತಂದು, ಒಂದು ರಾತ್ರಿಯಾದರೂ ಆ ಕತ್ತಲೆಯಲ್ಲಿ ಸುಮ್ಮನೆ ಕುಳಿತು ಬರಬೇಕು.

ಮರಳಿ ಬರುವಾಗ ಮಲ್ಲಂದೂರಿನ ಹತ್ತಿರ ಫೋನುಗಳಿಗೆಲ್ಲ ಮತ್ತೆ ಮಾತು ಬಂದಿತು. ಹುಡುಗರು ಚಿತ್ರಗಳನ್ನು ಕಳುಹಿಸುವುದರಲ್ಲಿ ಮಗ್ನರಾದರು. ಆ ಹುಡುಗನು ಮೊದಲು ಅಜ್ಜಿಯೊಡನೆ ಮಾತನಾಡಿದನು. ಮುದುಕಿಗೆ ಕಿವಿ ಮಂದವಾದುದರಿಂದ ಅವನು ಗಟ್ಟಿಯಾಗಿ ಹೇಳಬೇಕಾಯಿತು. ಅವಳ ಉತ್ತರವೂ ನಮಗೆಲ್ಲ ಕೇಳಿಸಿತು.

“ಅಜ್ಜೀ, ಮರ ಇದೆ.”

“ಕಾಯಿ ಬಿಡ್ತದಂತೋ?”

“ಬಿಡ್ತದಂತೆ. ಎಲ್ಲಾ ಆನೆ ತಿಂತದಂತೆ.”

ಒಂದು ಗಳಿಗೆ ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಆಮೇಲೆ, “ತಿನ್ನಲಿ ಬಿಡು” ಎಂದಳು.

ಇಷ್ಟು ಹೇಳಿ ಮುಗಿಸುತ್ತೇನೆ. ನಾಳೆ ಬೆಳಿಗ್ಗೆ ಪತ್ರಿಕೆಯಲ್ಲಿ ಭದ್ರಾ ಜಲಾಶಯದ ಮಟ್ಟ ಇಷ್ಟು ಅಡಿ ಎಂದು ತಾವು ಓದುವಾಗ, ಆ ಅಂಕಿಯ ಹಿಂದೆ ಒಂದು ಕಾಡಿದೆ, ಕಾಡಿನಲ್ಲಿ ಬೆಂಕಿ ಕಾಯುವ ಕೆಲವು ಮಂದಿ ಇದ್ದಾರೆ, ಒಂದು ಹಲಸಿನ ಮರವಿದೆ ಎಂಬುದು ನೆನಪಿಗೆ ಬಂದರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.